ಹಿಂದಿನ ಟೈರು ತರಬ್ಯಾಡ್ರಿ

ರಾಯಚೂರಿನ ಬಸವಪ್ರಸಾದನಿಗೆ ತನ್ನ ಬಗ್ಗೆ ಎರಡು ಅಭಿಪ್ರಾಯಗಳಿದ್ದವು. ತನಗೆ ಬಾರದ ಕೆಲಸವೇ ಇಲ್ಲ ಎಂಬುದು ಒಂದು. ತನ್ನಂಥ ದಡ್ಡ ಇಡೀ ಜಿಲ್ಲೆಯಲ್ಲಿ ಹುಡುಕಿದರೂ ಸಿಗುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಕೆಲಸಕ್ಕೆ ಕೈ ಹಾಕುವಾಗ ಬರುತ್ತಿತ್ತು, ಎರಡನೆಯದು ಕೆಲಸ ಕೆಟ್ಟ ಮೇಲೆ. ನಡುವೆ ಸಾಮಾನ್ಯವಾಗಿ ಒಂದೂವರೆ ತಾಸು.

ವಯಸ್ಸು ಐವತ್ತೊಂದು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಅಂಗಿಯ ಜೇಬಿನಲ್ಲಿ ಒಂದು ಟೆಸ್ಟರ್. ಅಕ್ಕಿ ಗಿರಣಿಯೊಂದರಲ್ಲಿ ಗೋದಾಮು ನೋಡಿಕೊಳ್ಳುವ ಕೆಲಸ. ಅಲ್ಲಿ ಯಂತ್ರಗಳ ಹತ್ತಿರ ಅವನನ್ನು ಯಾರೂ ಬಿಟ್ಟುಕೊಳ್ಳುತ್ತಿರಲಿಲ್ಲ. ಹಾಗಾಗಿ ಮನೆಗೆ ಬಂದ ಕೂಡಲೇ ಕೈ ತುರಿಸಲು ಶುರುವಾಗುತ್ತಿತ್ತು. ಒಂದು ಬೇಸಿಗೆಯಲ್ಲಿ ಪಡಸಾಲೆಯ ಫ್ಯಾನು ಸದ್ದು ಮಾಡುತ್ತದೆಂದು ಇಳಿಸಿ, ಬಿಚ್ಚಿ, ಎಣ್ಣೆ ಬಿಟ್ಟು ಮತ್ತೆ ಏರಿಸಿದ. ಸದ್ದೇನೋ ಹೋಯಿತು. ಗಾಳಿ ಮಾತ್ರ ಕೆಳಗೆ ಬರುವ ಬದಲು ಮೇಲಕ್ಕೆ ಹೋಗತೊಡಗಿತು. “ಮನಷ್ಯಾರಿಗೆ ಇಲ್ಲಂದ್ರೇನಾತು, ಹಲ್ಲಿಗೋಳಿಗೆ ಬ್ಯಾಸಗಿ ತಂಪಾಗಿ ಹೋತು” ಎಂದು ಅವನೇ ಓಣಿಯ ತುಂಬ ಹೇಳಿಕೊಂಡು ಬಂದ.

ಬೇರೆಯವರು ನಗುವುದಕ್ಕಿಂತ ಮೊದಲು ತಾನೇ ನಕ್ಕುಬಿಡುವುದು ಅವನ ರೂಢಿ. ತನ್ನನ್ನು ತಾನೇ ಬೈದುಕೊಂಡು ಹೊಟ್ಟೆ ಹಿಡಿದು ನಗುವವನನ್ನು ಇನ್ನೊಬ್ಬರು ಬೈಯುವುದಾದರೂ ಹೇಗೆ? ಪಕ್ಕದ ಮನೆಯ ವೆಂಕೋಬನಂತೂ ಸಂಜೆಯಾದರೆ ಕಟ್ಟೆಗೆ ಬಂದು ಕುಳಿತು, “ಇವತ್ತೇನು ಬಿಚ್ಚೀರಿ ಬಸಣ್ಣಾರ?” ಎಂದು ಕೇಳಿಯೇ ಮಾತು ಶುರು ಮಾಡುತ್ತಿದ್ದ.

ಇಂಥ ಬಸವಪ್ರಸಾದನ ಹೆಂಡತಿ ಸುನಂದಾಳಿಗೆ ಒಂದು ಶುಕ್ರವಾರ ಪತ್ರ ಬಂತು. ದೇವದುರ್ಗದಲ್ಲಿ ಹೊಸದಾಗಿ ತೆರೆದ ಹೊಲಿಗೆ ತರಬೇತಿ ಕೇಂದ್ರದಲ್ಲಿ ಶಿಕ್ಷಕಿಯ ಕೆಲಸ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಹಾಜರಾಗಬೇಕು, ತಪ್ಪಿದರೆ ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಕೆಲಸ ಹೋಗುತ್ತದೆ ಎಂದು ಸ್ಪಷ್ಟವಾಗಿ ಬರೆದಿತ್ತು. ಸುನಂದಾಳಿಗೆ ನಲವತ್ತೈದು. ಮನೆಯ ಮುಂದಿನ ಕೋಣೆಯಲ್ಲಿ ಮಷೀನು ಇಟ್ಟುಕೊಂಡು ಓಣಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿದು ಕೈ ಪಳಗಿದವಳು. ಪತ್ರವನ್ನು ಮೂರು ಸಲ ಓದಿ, ದೇವರ ಮುಂದಿಟ್ಟು, ಮತ್ತೆ ತೆಗೆದುಕೊಂಡು ಬಂದು ನಾಲ್ಕನೇ ಸಲ ಓದಿದಳು.

“ದಿನಾ ನಾ ಬಸ್ಸಿಗೆ ಹೋಗಿ ಬಸ್ಸಿಗೆ ಬರ್ತೀನ್ರಿ” ಎಂದಳು ಗಂಡನಿಗೆ. “ಮೊದಲನೇ ದಿನ ಅಷ್ಟ ನೀವು ಗಾಡಿ ಮ್ಯಾಲ ಬಿಟ್ಟು ಬರ್ರಿ.”

ದೇವದುರ್ಗಕ್ಕೆ ಒಬ್ಬಳೇ ಹೋಗಲು ಅವಳಿಗೇನೂ ಹೆದರಿಕೆ ಇರಲಿಲ್ಲ. ಗಂಡನೇ ಕರೆದುಕೊಂಡು ಬಂದ ಎಂದು ಅನ್ನಿಸಿಕೊಳ್ಳಬೇಕಾಗಿತ್ತು, ಅಷ್ಟೇ. ಅವಳು ಕೇಳಿದ್ದೂ ಅದೊಂದೇ.

“ಬಿಟ್ಟು ಬರೋದೇನು, ಹೊಸಾ ಟೈರ್ ಹಾಕಿ ರಾಣಿ ಹಂಗ ಕರ್ಕೊಂಡು ಹೋಗ್ತೀನಿ” ಎಂದ ಬಸವಪ್ರಸಾದ. ಹೊಸ ಟೈರು ಬೇಕಾಗಿದ್ದೂ ನಿಜವೇ. ಮೋಟರ್‌ಸೈಕಲ್ಲಿನ ಹಿಂಬದಿಯ ಟೈರು ಸವೆದು ಸವೆದು ಅಂಗೈಯಂತೆ ನುಣ್ಣಗಾಗಿತ್ತು. ಅವತ್ತೇ ಸಂಜೆ ಗಂಜ್ ರಸ್ತೆಯಲ್ಲಿ ಟೈರಿನ ಅಂಗಡಿ ಇಟ್ಟ ಮೆಹಬೂಬ್ ಪಾಷಾನ ಹತ್ತಿರ ಹೋಗಿ ಮಾತಾಡಿದ. ಹೋದ ವರ್ಷ ತೆಗೆದ ಅರ್ಧ ಸವೆದ ಟೈರೊಂದು ಮನೆಯ ಅಟ್ಟದ ಮೇಲಿದೆ, ಅದು ನಡೆಯುತ್ತದೆಯೇ ಎಂದು ಮಾತಿನ ನಡುವೆ ಕೇಳಿ, ಉತ್ತರ ಬರುವ ಮೊದಲೇ ಬೇರೆ ವಿಷಯಕ್ಕೆ ಹೋದ. ಕೇಳಿದ್ದನ್ನು ಅವನು ಮರೆತ. ಪಾಷಾ ಮರೆಯಲಿಲ್ಲ.

ಗಾಡಿಯನ್ನೇ ಅಂಗಡಿಗೆ ಒಯ್ದರೆ ಪಾಷಾ ಕೂತಲ್ಲೇ ಗಾಲಿ ಬಿಚ್ಚಿ, ಟೈರು ಹಾಕಿ, ಕೈ ಒರೆಸಿಕೊಂಡು ಚಹಾ ಕುಡಿಯುತ್ತಿದ್ದ. ಆದರೆ ಅದರಲ್ಲಿ ಬಸವಪ್ರಸಾದನ ಕೈಚಳಕ ಎಲ್ಲಿ ಉಳಿಯಿತು? ಹೆಂಡತಿ ಮೊದಲ ದಿನ ಕೆಲಸಕ್ಕೆ ಹೋಗುವ ಗಾಡಿ ತನ್ನ ಕೈಯಿಂದಲೇ ತಯಾರಾಗಬೇಕು ಎಂದು ಹಟ ಹಿಡಿದ. ಗಾಲಿಯನ್ನು ಮನೆಯಲ್ಲೇ ಬಿಚ್ಚಿ ಒಯ್ಯುವುದು ಎಂದು ನಿರ್ಧಾರವಾಯಿತು. ಫೋನಿನಲ್ಲಿ ಗಾಲಿ ಬಿಚ್ಚುವ ವಿಡಿಯೋ ಒಂದನ್ನು ನೋಡಿದ. ಆರು ನಿಮಿಷದ್ದು. ನಾಲ್ಕು ನಿಮಿಷ ನೋಡುವಷ್ಟರಲ್ಲಿ ಎಲ್ಲಾ ತಿಳಿಯಿತು ಎಂದು ನಿಲ್ಲಿಸಿಬಿಟ್ಟ.

ರವಿವಾರ ಬೆಳಿಗ್ಗೆ ಪಾಷಾನಿಗೆ ಫೋನು ಹಚ್ಚಿದ. ಆ ಕಡೆ ಸುತ್ತಿಗೆಯ ಸದ್ದು.

“ಗಾಲಿ ಬಿಚ್ಚಿಕೊಂಡು ಬರಾಕತ್ತೀನಿ ಪಾಷಾ.”

“ಬರ್ರಿ ಅಣ್ಣಾರ, ಬರ್ರಿ. ಮತ್ತ ಒಂದು ಮಾತು, ಹಿಂದಿನ ಟೈರ್ ತರಬ್ಯಾಡ್ರಿ. ಅದು ಎಲ್ಲಿ ಅದ ಅಲ್ಲೇ ಇರ್ಲಿ. ಹೊಸಾದು ನನ್ನ ಹತ್ರ ಅದ.”

ಬಸವಪ್ರಸಾದ ಫೋನು ಇಟ್ಟು ಗಾಡಿಯನ್ನು ನೋಡಿದ. ಹಿಂದಿನ ಟೈರು ಬೇಡವಂತೆ. ಹಾಗಾದರೆ ಮುಂದಿನದು. ನುಣ್ಣಗಾದದ್ದು ಹಿಂದಿನದು ಎಂದು ಅವನ ಎರಡು ಕಣ್ಣುಗಳೂ ಹೇಳುತ್ತಿದ್ದವು. ಆದರೆ ಇಪ್ಪತ್ತು ವರ್ಷದಿಂದ ಟೈರಿನಲ್ಲೇ ಮುಳುಗೆದ್ದ ಪಾಷಾ ಹೇಳಿದ್ದಾನೆಂದರೆ ಅದರಲ್ಲೇನೋ ಗುಟ್ಟಿರಬೇಕು! ಜೀವಮಾನದಲ್ಲಿ ಯಾರ ಮಾತನ್ನೂ ಕೇಳದ ಮನುಷ್ಯ ಅವತ್ತೊಂದು ದಿನ ವಿಧೇಯನಾಗಿ ಮುಂದಿನ ಗಾಲಿಗೆ ಕೈ ಹಾಕಿದ.

ಅಂಗಳದಲ್ಲಿ ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕಿದ. ಗಾಲಿಯ ಅಚ್ಚಿನ ನಟ್ಟಿಗೆ ಪಾನಾ ಹಚ್ಚಿ ತಿರುಗಿಸಿದರೆ ನಟ್ಟು ಜಗ್ಗಲಿಲ್ಲ. ಪಾನಾದ ಮೇಲೆ ಕಾಲಿಟ್ಟು ನಿಂತ. ಪಾನಾ ಜಾರಿ, ಮೊಣಕಾಲು ಮಡ್‌ಗಾರ್ಡಿಗೆ ಬಡಿದು, ಬಾಯಿಂದ ದೇವರ ಹೆಸರಲ್ಲದ ಮಾತೊಂದು ಹೊರಬಿತ್ತು. ಕಡೆಗೆ ತಿಳಿಯಿತು, ಅಷ್ಟು ಹೊತ್ತೂ ಅವನು ನಟ್ಟನ್ನು ಬಿಗಿ ಮಾಡುತ್ತಿದ್ದ. ಸುತ್ತಲೂ ನೋಡಿ, ವೆಂಕೋಬ ಇನ್ನೂ ಕಟ್ಟೆಗೆ ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡು, ಈ ಕಡೆ ತಿರುಗಿಸಿದ. ಬ್ರೇಕಿನ ವೈರು, ಮೀಟರಿನ ವೈರು ಒಂದೊಂದಾಗಿ ಬಿಡಿಸಿ, ಅಚ್ಚನ್ನು ಸುತ್ತಿಗೆಯಿಂದ ಹೊರಗೆ ಬಡಿದ. ಗಾಲಿ ಕೈಗೆ ಬಂತು. ಒಂದೂವರೆ ತಾಸಾಗಿತ್ತು. ಗಾಲಿಯನ್ನು ಎತ್ತಿ ಹಿಡಿದು ಒಳಗಿದ್ದವರಿಗೆ ತೋರಿಸಿದ. ಸುನಂದಾ ಸೀರೆಗೆ ಇಸ್ತ್ರಿ ಮಾಡುತ್ತಿದ್ದಳು. ಒಂದು ಸಲ ನೋಡಿ, “ಛಲೋ ಆತು” ಎಂದಷ್ಟೇ ಹೇಳಿ ಮತ್ತೆ ಸೀರೆಯ ಕಡೆ ತಿರುಗಿದಳು.

ಆಟೋದಲ್ಲಿ ಗಾಲಿಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗಡಿಗೆ ಹೋದ. ಪಾಷಾ ಗಾಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

“ಇದ್ಯಾಕ ತಂದೀರಿ ಅಣ್ಣಾರ? ಇದು ಇನ್ನಾ ಎರಡು ವರ್ಷ ಓಡ್ತದ.”

“ನೀನ ಹೇಳಿದೆಲ್ಲಪ್ಪಾ, ಹಿಂದಿನ ಟೈರ್ ತರಬ್ಯಾಡ್ರಿ ಅಂತ?”

“ಅಯ್ಯೋ, ಅಟ್ಟದ ಮ್ಯಾಲಿನ ಟೈರಿಗೆ ಅಂದೆ ನಾ! ಹ್ವಾದ ವರ್ಷದ್ದು! ಹಿಂದಿನದು ಅಂದ್ರ ಹಿಂದಕ ತೆಗದದ್ದು!”

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಬಸವಪ್ರಸಾದನೇ. ಬೆನ್ನ ಹಿಂದೆ ಇರುವುದೂ ಹಿಂದಿನದು, ಹೋದ ವರ್ಷದ್ದೂ ಹಿಂದಿನದು. ಈ ಕನ್ನಡದಲ್ಲಿ ಸಂಸಾರ ಮಾಡಬಹುದು, ಗಾಲಿ ಬಿಚ್ಚುವುದಾಗುವುದಿಲ್ಲ ಎಂದು ತೊಡೆ ತಟ್ಟಿಕೊಂಡ. ಪಾಷಾ ಕಣ್ಣೊರೆಸಿಕೊಂಡು, “ನಡ್ರಿ, ನಾನ ಬರ್ತೀನಿ ನಿಮ್ಮ ಮನಿಗೆ. ನಾಳೆ ವೈನಿ ನೌಕರಿಗೆ ಹೋಗಬೇಕಂತಲ್ಲ. ಎರಡೂ ಗಾಲಿ ಕೂಡಿಸಿ ಕೊಟ್ಟು ಬರ್ತೀನಿ” ಎಂದ. ಬಸವಪ್ರಸಾದ ಬೇಡವೆಂದ. ಅರ್ಧ ಕೆಲಸ ಮುಗಿದಿದೆ, ಇನ್ನರ್ಧಕ್ಕೆ ಇನ್ನೊಬ್ಬರೇಕೆ ಎಂದ.

ಮನೆಗೆ ಬಂದವನು ಮೊದಲು ಮುಂದಿನ ಗಾಲಿಯನ್ನು ಕೂಡಿಸಿ, ಆಮೇಲೆ ಹಿಂದಿನದನ್ನು ಬಿಚ್ಚಬೇಕಾಗಿತ್ತು. ಅದು ಯಾರಿಗಾದರೂ ಹೊಳೆಯುವ ಮಾತು. ಅವನಿಗೂ ಹೊಳೆಯಿತು. ಹೊಳೆದರೂ, ಎರಡನ್ನೂ ಒಮ್ಮೆಲೇ ಕೂಡಿಸಿದರಾಯಿತು ಎಂದುಕೊಂಡು, ತಾಯಿ ಬಸವಂತಮ್ಮ ಕೂಡುವ ಮಣೆಯನ್ನು ಗಾಡಿಯ ಮುಂಭಾಗಕ್ಕೆ ಆಸರೆ ಕೊಟ್ಟು ಹಿಂದಿನ ಗಾಲಿ ಬಿಚ್ಚತೊಡಗಿದ. ಚೈನು ಕಳಚಿದ, ಬ್ರೇಕಿನ ಸರಳು ಕಳಚಿದ, ಅಚ್ಚು ಎಳೆದ. ಗಾಲಿ ಸಿಕ್ಕಿಕೊಂಡಿತ್ತು. ಎರಡೂ ಕೈಯಿಂದ ಜಗ್ಗಿದ. ಗಾಲಿ ಬಂತು, ಗಾಡಿಯೂ ಬಂತು. ಸ್ಟ್ಯಾಂಡು ಮಡಚಿ, ಮಣೆ ಹಾರಿ, ಇಡೀ ಮೋಟರ್‌ಸೈಕಲ್ಲು ಮುಂದಕ್ಕೆ ಮುಗ್ಗರಿಸಿ ಎಡಕ್ಕೆ ಒರಗಿತು. ಕ್ಲಚ್ಚಿನ ಹಿಡಿಕೆ ಟಕ್ಕೆಂದು ಮುರಿಯಿತು.

ಬಸವಂತಮ್ಮ ಬಾಗಿಲಿಗೆ ಬಂದಳು. ಎಂಬತ್ತರ ಹತ್ತಿರದ ಮುದುಕಿ, ನೀರಮಾನ್ವಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳು.

“ಎತ್ತು ಮಣಕಾಲು ಊರಿದಂಗ ಊರೇತಲ್ಲೋ ಯಪ್ಪಾ. ಕಾಲರ ಉಳದಾವೇನು?”

“ಕಾಲು ಕೈಯಾಗ ಅದಾವ ಬೇ” ಎಂದು ಮಗ ಎರಡು ಗಾಲಿಗಳನ್ನು ತೋರಿಸಿದ. ವೆಂಕೋಬ ಬಂದು ಗಾಡಿ ಎತ್ತಲು ಕೈಗೂಡಿಸಿದ. ನಗುವಿನಿಂದ ಅವನಿಗೆ ಸರಿಯಾಗಿ ಎತ್ತಲೂ ಆಗಲಿಲ್ಲ.

ಮತ್ತೆ ಆಟೋ, ಮತ್ತೆ ಅಂಗಡಿ. ಪಾಷಾ ಹೊಸ ಟೈರು ಹಾಕಿಕೊಟ್ಟು, ಹೊಸ ಕ್ಲಚ್ಚಿನ ಹಿಡಿಕೆ ಕೈಗಿಟ್ಟು, ಬರಲೇ ಎಂದು ಮತ್ತೊಮ್ಮೆ ಕೇಳಿದ. ಬಸವಪ್ರಸಾದ ಮತ್ತೊಮ್ಮೆ ಬೇಡವೆಂದ. ಸಂಜೆಯೊಳಗೆ ಹಿಡಿಕೆ ಕೂಡಿತು, ಮುಂದಿನ ಗಾಲಿ ಕೂಡಿತು. ಹಿಂದಿನದು ಮಾತ್ರ ಕೂಡುತ್ತಿತ್ತು, ತಿರುಗುತ್ತಿರಲಿಲ್ಲ. ಗಾಲಿಯ ಪಕ್ಕಕ್ಕೆ ಹಾಕುವ ಎರಡು ಉಕ್ಕಿನ ಉಂಗುರಗಳಲ್ಲಿ ಯಾವುದು ಯಾವ ಕಡೆಗೆ ಎಂಬುದು ಅವನು ನೋಡದೆ ಬಿಟ್ಟ ಎರಡು ನಿಮಿಷದ ವಿಡಿಯೋದಲ್ಲಿತ್ತು. ಅದನ್ನು ನೋಡಬೇಕೆಂದರೆ ಫೋನಿನ ಚಾರ್ಜು ಮುಗಿದಿತ್ತು. ಬೆಳಿಗ್ಗೆ ಬೇಗ ಎದ್ದು ಮಾಡಿದರಾಯಿತು ಎಂದು ಊಟ ಮಾಡಿ ಮಲಗಿದ. ನಿದ್ದೆ ಚೆನ್ನಾಗಿ ಬಂತು. ಅದೇ ವಿಚಿತ್ರ.

ಸೋಮವಾರ ಏಳು ಗಂಟೆಗೆ ಸುನಂದಾ ತಯಾರಾಗಿ ಹೊರಗೆ ಬಂದಳು. ಹಸಿರು ಇಳಕಲ್ ಸೀರೆ, ಹೆಗಲಿಗೆ ಚೀಲ, ಚೀಲದೊಳಗೆ ಪತ್ರ, ಕತ್ತರಿ, ಬುತ್ತಿ. ಅಂಗಳದಲ್ಲಿ ಬರೀ ಬನಿಯನ್ನಿನಲ್ಲಿ ಕೂತಿದ್ದ ಗಂಡನ ಮೊಣಕೈವರೆಗೆ ಕರಿ ಜಿಡ್ಡು. ಹಿಂದಿನ ಗಾಲಿ ಗೋಡೆಗೆ ಒರಗಿತ್ತು.

ಬಸವಪ್ರಸಾದ ತಲೆ ಎತ್ತಿ ಅವಳನ್ನು ನೋಡಿದ. ಎಂದಿನ ಹಾಗೆ ನಕ್ಕ.

“ನೋಡು, ಇವತ್ತು ಸೋಮವಾರ. ಸೋಮವಾರ ಎತ್ತು ಹೂಡಬಾರದು ಅಂತ ನಮ್ಮವ್ವ ಯಾವಾಗ್ಲೂ ಅಂತಾಳಲ್ಲ? ನಮ್ಮ ಗಾಡಿಗೂ ಅದು ಗೊತ್ತಾಗ್ಯದ. ಹೆಗಲು ಕೊಡವಲ್ದು!”

ಒಳಗಿನಿಂದ ಬಸವಂತಮ್ಮನ ದನಿ ಬಂತು. “ನನ್ನ ಹೆಸರು ಯಾಕ ನಡುವ ತರ್ತೀಯೋ ಯಪ್ಪಾ? ಸೋಮವಾರ ಸೂಟಿ ಇರೋದು ಎತ್ತಿಗೆ. ನಿನ್ನ ಹೇಂತಿಗಲ್ಲ.”

ಯಾರೂ ನಗಲಿಲ್ಲ. ಬಸವಪ್ರಸಾದನ ಮುಖದ ಮೇಲೆ ನಗು ಇಳಿಯಲು ದಾರಿ ಸಿಗದೆ ಸ್ವಲ್ಪ ಹೊತ್ತು ಹಾಗೆಯೇ ನಿಂತಿತು.

“ಒಂದು ಮಾತು ಕೇಳ್ತೀನ್ರಿ, ಖರೇ ಹೇಳ್ರಿ” ಎಂದಳು ಸುನಂದಾ. ದನಿಯಲ್ಲಿ ಸಿಟ್ಟಿರಲಿಲ್ಲ. “ಸವದದ್ದು ಯಾ ಟೈರ್ ಅಂತ ನಿಮ್ಮ ಕಣ್ಣಿಗೆ ಕಾಣ್ತಿದ್ದಿಲ್ಲೇನು? ಪಾಷಾ ಅಣ್ಣ ಎರಡು ಸಲ ಬರ್ತೀನಿ ಅಂದ್ರ ಎರಡು ಸಲನೂ ಬ್ಯಾಡ ಅಂದೀರಿ. ವೆಂಕೋಬಣ್ಣನ ಗಾಡಿ ಬಾಜೂಕ ನಿಂತದ, ಅದನ್ನ ಕೇಳಬೇಕಂತ ನಿಮಗ ಅನ್ನಿಸಲಿಲ್ಲ. ನಾ ಹೋಗೋದು ನಿಮಗ ಬ್ಯಾಡಾಗಿತ್ತೇನು?”

“ಹುಚ್ಚಿ ಅದೀ ಏನು? ನಾನೊಬ್ಬ ದಡ್ಡ, ನಿನಗ ಗೊತ್ತಿಲ್ಲೇನು?”

“ಮಾನ್ವಿ ಸಾಲಿದು ನೆನಪದನು?”

ನೆನಪಿತ್ತು. ಇಪ್ಪತ್ತು ವರ್ಷದ ಹಿಂದೆ ಮಾನ್ವಿಯ ಖಾಸಗಿ ಶಾಲೆಯೊಂದು ಹೊಲಿಗೆ ಕಲಿಸಲು ಅವಳನ್ನು ಕರೆದಿತ್ತು. ಅವತ್ತೂ ಬಿಟ್ಟು ಬರುತ್ತೇನೆಂದು ಹೇಳಿದ ಬಸವಪ್ರಸಾದ, ಹೊರಡುವ ಹೊತ್ತಿಗೆ ಸ್ಕೂಟರಿನ ಕಾರ್ಬೊರೇಟರ್ ಬಿಚ್ಚಿ ತಟ್ಟೆಯಲ್ಲಿಟ್ಟುಕೊಂಡು ಕೂತಿದ್ದ. ಮಾನ್ವಿ ಮುಟ್ಟುವಷ್ಟರಲ್ಲಿ ಆ ಕೆಲಸ ಬೇರೆಯವರಿಗೆ ಹೋಗಿತ್ತು. ಆಮೇಲೆ ಆ ಕಥೆಯನ್ನು ಅವನು ಎಷ್ಟು ಮದುವೆಗಳಲ್ಲಿ, ಎಷ್ಟು ಕಟ್ಟೆಗಳ ಮೇಲೆ ಹೇಳಿದ್ದನೋ ಲೆಕ್ಕವಿಲ್ಲ. ತಟ್ಟೆಯಲ್ಲಿದ್ದ ಕಾರ್ಬೊರೇಟರನ್ನು ತಾಯಿ ಉಪ್ಪಿಟ್ಟಿನ ತಟ್ಟೆಯೆಂದು ಒಳಗೊಯ್ದಳು ಎಂಬಲ್ಲಿಗೆ ಬಂದಾಗ ಜನ ಬಿದ್ದು ಬಿದ್ದು ನಗುತ್ತಿದ್ದರು.

“ನೀವು ಆ ಕಥಿ ಹೇಳಿದಾಗೆಲ್ಲಾ ನಾನೂ ನಕ್ಕೀನಿ. ಮಂದಿ ಮುಂದ ಅಳಾಕ ಬರ್ತದೇನು? ಅದು ನನ್ನ ನೌಕರಿ ಹ್ವಾದ ಕಥಿ ಆಗಿತ್ರೀ.”

ಅಷ್ಟು ಹೇಳಿ ಅತ್ತೆಗೆ ನಮಸ್ಕಾರ ಮಾಡಿ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ತಿರುಗಿ ನೋಡಲಿಲ್ಲ.

ಬಸವಪ್ರಸಾದ ಅಂಗಳದಲ್ಲಿ ಕೂತೇ ಇದ್ದ. ತಾನು ದಡ್ಡನೆಂದು ಅವನು ಸಾವಿರ ಸಲ ಹೇಳಿಕೊಂಡಿದ್ದ, ಹೇಳಿದಾಗೆಲ್ಲ ಒಂಥರಾ ಹಿತವಾಗುತ್ತಿತ್ತು. ಕೆಟ್ಟವನೆಂದು ಮಾತ್ರ ಒಂದು ಸಲವೂ ಹೇಳಿಕೊಂಡಿರಲಿಲ್ಲ. ಹುಳುಕು ಇದ್ದದ್ದು ಅಲ್ಲಿಯೇ. ದೇವದುರ್ಗದಲ್ಲಿ ಇಪ್ಪತ್ತು ಹುಡುಗಿಯರು ಅವಳನ್ನು ಮೇಡಂ ಎನ್ನುತ್ತಾರೆ. ಸಂಜೆ ಮನೆಗೆ ಬಂದು ಅವಳೂ ಅಲ್ಲಿಯ ಕಥೆ ಹೇಳುತ್ತಾಳೆ, ಇವನ ಫ್ಯಾನಿನ ಕಥೆಯನ್ನು ಕೇಳುವವರು ಯಾರು? ಶುಕ್ರವಾರ ಆ ಪತ್ರ ಬಂದಾಗ ಹೊಟ್ಟೆಯಲ್ಲಿ ಏನೋ ಚುಚ್ಚಿದ್ದನ್ನು ಅವನು ಹಸಿವು ಎಂದುಕೊಂಡಿದ್ದ. ಅಯ್ಯೋ ನನ್ನ ಶಿವನೇ, ಗಾಲಿ ಬಿಚ್ಚಿದ್ದು ಕೈ ಇರಬಹುದು, ಬಿಚ್ಚಿಸಿದ್ದು ಆ ಚುಚ್ಚು ಎಂದು ಈಗ ಗೊತ್ತಾಗಿ ಅವನಿಗೆ ನಾಚಿಕೆಯಾಯಿತು. ತಮಾಷೆಯ ನಾಚಿಕೆಯಲ್ಲ, ಎದೆ ಸುಡುವಂಥದ್ದು.

“ಕುಂತು ಏನು ಮಾಡ್ತೀ? ಹೋಗೋ!” ಎಂದಳು ಬಸವಂತಮ್ಮ ಬಾಗಿಲಲ್ಲಿ ನಿಂತು.

ಗೂಟದ ಮೇಲಿದ್ದ ಅಂಗಿಯನ್ನು ಬನಿಯನ್ನಿನ ಮೇಲೆ ಏರಿಸಿಕೊಂಡು ಓಡಿದ. ಗುಂಡಿ ಹಾಕಿಕೊಳ್ಳುತ್ತ ಓಣಿ ದಾಟಿ ರಸ್ತೆಗೆ ಬರುವಷ್ಟರಲ್ಲಿ ದೇವದುರ್ಗದ ಬಸ್ಸು ಹೊರಟಿತ್ತು. ಕೈ ಬೀಸಿದ, ಕೂಗಿದ, ಬಾಗಿಲಿಗೆ ಜೋತುಬಿದ್ದು ಹತ್ತಿದ. ಬಸ್ಸು ಹೆಚ್ಚುಕಡಿಮೆ ತುಂಬಿತ್ತು. ಸುನಂದಾ ಮೂರನೆಯ ಸೀಟಿನಲ್ಲಿ ಕೂತು, ಚೀಲವನ್ನು ಪಕ್ಕಕ್ಕೆ ಇಟ್ಟುಕೊಂಡು, ಕಿಟಕಿಯ ಹೊರಗೆ ನೋಡುತ್ತಿದ್ದಳು.

ಕಂಡಕ್ಟರ್ ಅವಳ ಆಧಾರ್ ಕಾರ್ಡು ನೋಡಿ ಹೆಂಗಸರ ಉಚಿತ ಟಿಕೆಟ್ ಹರಿದುಕೊಟ್ಟ. ಆಮೇಲೆ ಇವನ ಕಡೆ ತಿರುಗಿದ. ಬಸವಪ್ರಸಾದ ಜೇಬಿಗೆ ಕೈ ಹಾಕಿದ. ಟೆಸ್ಟರ್ ಇತ್ತು. ಇನ್ನೊಂದು ಜೇಬಿನಲ್ಲಿ ಹದಿನೇಳು ನಂಬರಿನ ಪಾನಾ ಇತ್ತು. ದುಡ್ಡು ಇರಲಿಲ್ಲ.

“ಏನ್ರಿ, ಪಾನಾ ಕೊಡ್ತೀರೇನು ಟಿಕೆಟ್ಟಿಗೆ? ಮುಂದಿನ ಸ್ಟಾಪಿನ್ಯಾಗ ಇಳೀರಿ” ಎಂದ ಕಂಡಕ್ಟರ್.

ಸುನಂದಾ ತಲೆ ತಿರುಗಿಸದೆ ಚೀಲದಿಂದ ನೋಟು ತೆಗೆದು ಚಾಚಿದಳು. “ಒಂದು ದೇವದುರ್ಗ. ಅವ್ರದು.”

ಕಂಡಕ್ಟರ್ ಮುಂದೆ ಹೋದ. ಬಸವಪ್ರಸಾದ ಅವಳ ಸೀಟಿನ ಪಕ್ಕ ಕಂಬಿ ಹಿಡಿದು ನಿಂತ. ಅವಳ ಹಿಂದಿನ ಸೀಟಿನಲ್ಲಿ ಮಸರಕಲ್ಲಿಗೆ ಹೊರಟ ವಯಸ್ಸಾದ ರೈತನೊಬ್ಬ ಗೊಬ್ಬರದ ಚೀಲ ಕಾಲ ಬಳಿ ಇಟ್ಟುಕೊಂಡು ಕೂತಿದ್ದ. ಅವನು ಕಂಬಿಯ ಮೇಲಿನ ಕರಿ ಕೈಗಳನ್ನು ಬಹಳ ಹೊತ್ತು ನೋಡಿದ.

“ಯಾಕ್ರಿ ಯಜಮಾನ್ರ, ಗಾಡಿ ಕೈ ಕೊಡ್ತೇನು?”

ಬಸವಪ್ರಸಾದನ ನಾಲಿಗೆಯ ತುದಿಗೆ ಇಡೀ ಕಥೆ ಬಂದು ನಿಂತಿತು. ಹಿಂದಿನ ಟೈರು ತರಬೇಡಿ ಎಂದದ್ದು, ತೊಡೆಯ ಮೇಲೆ ಗಾಲಿ ಹೊತ್ತದ್ದು, ಎತ್ತು ಮೊಣಕಾಲೂರಿದ್ದು. ಹೇಳಿದರೆ ಗಬ್ಬೂರು ಬರುವುದರೊಳಗೆ ಅರ್ಧ ಬಸ್ಸು ನಗುತ್ತಿತ್ತು. ಸುನಂದಾಳ ಹೆಗಲು ಬಿಗಿಯಾದದ್ದು ಅವನಿಗೆ ಕಾಣಿಸಿತು. ಅವಳೂ ಅದೇ ಕಥೆಗೆ ಕಾಯುತ್ತಿದ್ದಳು.

“ಇಲ್ರಿ” ಎಂದ. “ಗಾಡಿ ಕೆಟ್ಟಿದ್ದಿಲ್ಲ. ಈಕಿ ನೌಕರಿಗೆ ಹೋಗೋದು ನನಗ ಬ್ಯಾಡಾಗಿತ್ತು. ಅದಕ್ಕ ನಾನ ಕೆಡಿಸಿದೆ.”

ರೈತ ಗೊಬ್ಬರದ ಚೀಲವನ್ನು ಸುಮ್ಮನೆ ಒಂದು ಸಲ ಸರಿಸಿದ. ಬಸ್ಸು ಊರು ದಾಟಿ ಬತ್ತದ ಗದ್ದೆಗಳ ನಡುವಿನ ರಸ್ತೆಗೆ ಬಂದಿತ್ತು. ಬಸವಪ್ರಸಾದನ ಕಣ್ಣು ತುಂಬಿತ್ತು. ಒರೆಸಿಕೊಳ್ಳೋಣವೆಂದರೆ ಕೈ ತುಂಬ ಜಿಡ್ಡು.

ಸುನಂದಾ ಪಕ್ಕದಲ್ಲಿಟ್ಟ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಕಡೆ ಸರಿದಳು.

“ಕೂಡ್ರಿ” ಎಂದಳು. “ಸೀರಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ.”